ಪೋಲ್ ದ ವಿವಿ

ಪೋಲ್ ದ ವಿವಿ (29 ಏಪ್ರಿಲ್ 1853 – 1930) ಫ್ರಾನ್ಸ್ ದೇಶದ ಸೈಕಲ್ ವ್ಯಾಪಾರಿ, ಪತ್ರಿಕಾ ಸಂಪಾದಕ ಮತ್ತು ಸೈಕಲ್ ಪ್ರವಾಸಿ. ವೆಲೋಸಿಯೊ ಎಂಬ ಲೇಖನನಾಮದಿಂದಲೇ ಹೆಚ್ಚು ಪ್ರಸಿದ್ಧರಾದವರು. ಸೈಕಲ್ಲಿಗೆ ಒಂದಕ್ಕಿಂತ ಹೆಚ್ಚು ಗೇರುಗಳು ಬೇಕೆಂದು ನಾಲ್ಕು ದಶಕಗಳ ಕಾಲ ಬರೆದು, ತಾವೇ ಸವಾರಿ ಮಾಡಿ ತೋರಿಸಿ, ಪಂದ್ಯಗಳ ಸಂಘಟಕರ ವಿರೋಧವನ್ನು ಎದುರಿಸಿದರು. ಇಂದು ರಸ್ತೆ ಸೈಕಲ್ಲುಗಳಲ್ಲಿ ಸರ್ವಸಾಮಾನ್ಯವಾಗಿರುವ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ ಹಲ್ಲುಚಕ್ರಕ್ಕೆ ಸರಿಸುವ ಸಾಧನವು ಜನಬಳಕೆಗೆ ಬರುವುದರಲ್ಲಿ ಇವರ ಪಾತ್ರ ದೊಡ್ಡದು. ಅದರ ಏಕೈಕ ಸಂಶೋಧಕರು ಇವರೇ ಎಂದು ಕೆಲವೆಡೆ ಬರೆಯಲಾಗಿರುವುದು ಸರಿಯಲ್ಲ. ಅದು ಅನೇಕ ಕೈಗಳಲ್ಲಿ ಬೆಳೆದ ಸಾಧನ. ಸೈಕಲ್ ಪ್ರವಾಸವನ್ನು ಸೂಚಿಸುವ ಫ್ರೆಂಚ್ ಪದವಾದ ಸಿಕ್ಲೊತುರಿಸ್ಮ್ ಚಾಲ್ತಿಗೆ ಬಂದದ್ದೂ ಇವರಿಂದಲೇ ಎಂದು ಹೇಳಲಾಗುತ್ತದೆ.

ಆರಂಭಿಕ ಜೀವನ

ದ ವಿವಿಯವರು ದಕ್ಷಿಣ ಫ್ರಾನ್ಸಿನ ವೊಕ್ಲೂಸ್ ಪ್ರಾಂತದ ಪೆರ್ನ್ ಎಂಬ ಊರಿನಲ್ಲಿ ಜನಿಸಿದರು. ಅವರಿಗೆ ದೊರೆತದ್ದು ಪ್ರಾಚೀನ ಭಾಷೆ ಮತ್ತು ಸಾಹಿತ್ಯಗಳ ಶಿಕ್ಷಣ. ಯಂತ್ರಶಾಸ್ತ್ರವನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ವಿದ್ಯಾಭ್ಯಾಸದ ನಂತರ ರೇಷ್ಮೆ ಉದ್ಯಮದಲ್ಲಿ ತರಬೇತಿ ಪಡೆದು, ಮೂವತ್ತು ತುಂಬುವ ಮೊದಲೇ ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಅವರು ನೆಲೆಸಿದ ಸೇಂಟ್ ಎಟಿಯನ್ ನಗರವು ಆ ಕಾಲದಲ್ಲಿ ರೇಷ್ಮೆಯ ಪಟ್ಟಿಗಳಿಗೆ, ಕಲ್ಲಿದ್ದಲಿಗೆ ಮತ್ತು ಬಂದೂಕುಗಳಿಗೆ ಹೆಸರಾಗಿತ್ತು. ಬಂದೂಕಿನ ನಳಿಗೆಯನ್ನು ಕೊರೆಯುವ, ಸಣ್ಣ ಲೋಹದ ಭಾಗಗಳನ್ನು ನಿಖರವಾಗಿ ರೂಪಿಸುವ ಕುಶಲಕರ್ಮಿಗಳು ಅಲ್ಲಿ ಬೀದಿಗೊಬ್ಬರಂತೆ ಇದ್ದರು. ಇದೇ ಊರು ಮುಂದೆ ಫ್ರಾನ್ಸಿನ ಸೈಕಲ್ ಉದ್ಯಮದ ಕೇಂದ್ರವಾದದ್ದು ಆಕಸ್ಮಿಕವಲ್ಲ. 1886ರಲ್ಲಿ ಗೊಥಿಯೆ ಸಹೋದರರು ಇಲ್ಲಿಯೇ ಫ್ರಾನ್ಸಿನ ಮೊದಲ ಆಧುನಿಕ ಸೈಕಲ್ಲುಗಳಲ್ಲೊಂದನ್ನು ತಯಾರಿಸಿದರು.

1881ರಲ್ಲಿ ದ ವಿವಿಯವರು ತಮ್ಮ ಮೊದಲ ಸೈಕಲ್ಲನ್ನು ಕೊಂಡರು. ಅದು ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಹಳೆಯ ಮಾದರಿ. ಮರುವರ್ಷ ಮಿತ್ರರೊಬ್ಬರು ಒಡ್ಡಿದ ಪಂಥವನ್ನು ಸ್ವೀಕರಿಸಿ ಆರು ಗಂಟೆಗಳಲ್ಲಿ ನೂರು ಕಿಲೋಮೀಟರ್ ಕ್ರಮಿಸಲು ಬೆಟ್ಟದ ಊರಾದ ಲಾ ಶೇಜ್ ದ್ಯೂ ಕಡೆಗೆ ಹೊರಟರು. ಪಂಥಕ್ಕಿಂತ ಆ ದಾರಿಯ ನೋಟವೇ ಅವರನ್ನು ಹಿಡಿದಿಟ್ಟಿತು. ಅಂದಿನಿಂದ ವ್ಯಾಪಾರದ ಬಿಡುವೆಲ್ಲ ಸವಾರಿಗೆ ಸಂದಿತು. ಸ್ಥಳೀಯ ಸೈಕಲ್ ಸಂಘವನ್ನು ಸೇರಿ ಅದರ ಕಾರ್ಯದರ್ಶಿಯೂ ಆದರು.

ರೇಷ್ಮೆ ವ್ಯಾಪಾರದಿಂದ ಸೈಕಲ್ ಅಂಗಡಿಗೆ

ಸೈಕಲ್ ತಯಾರಿಕೆಯಲ್ಲಿ ಆಗ ಜಗತ್ತಿಗೇ ಮುಂದಾಗಿದ್ದುದು ಇಂಗ್ಲೆಂಡಿನ ಕೊವೆಂಟ್ರಿ ನಗರ. ಅಲ್ಲಿಗೆ ಹೋಗಿಬಂದ ದ ವಿವಿಯವರು 1887ರಲ್ಲಿ ರೇಷ್ಮೆ ವ್ಯಾಪಾರವನ್ನು ಮಾರಿ ಸೇಂಟ್ ಎಟಿಯನ್‌ನಲ್ಲಿ ಸೈಕಲ್ ಅಂಗಡಿ ತೆರೆದರು. ಹೆಂಡತಿ ಮತ್ತು ಮೂವರು ಮಕ್ಕಳಿದ್ದ ಗೃಹಸ್ಥರೊಬ್ಬರು ನೆಲೆನಿಂತ ವ್ಯಾಪಾರವನ್ನು ಬಿಟ್ಟು, ಶ್ರೀಮಂತರ ವಿನೋದವೆಂದೇ ಜನ ಭಾವಿಸಿದ್ದ ವಾಹನವನ್ನು ನಂಬಿ ಹೊರಟದ್ದು ಸಣ್ಣ ಸಾಹಸವಲ್ಲ. ಮೊದಮೊದಲು ಕೊವೆಂಟ್ರಿಯಿಂದ ತರಿಸಿದ ಸೈಕಲ್ಲುಗಳನ್ನು ಮಾರುತ್ತಿದ್ದರು. 1889ರಲ್ಲಿ ಲಾ ಗೊಲ್ವಾಜ್ ಎಂಬ ಹೆಸರಿನಲ್ಲಿ ತಮ್ಮದೇ ಸೈಕಲ್ಲನ್ನು ಹೊರತಂದರು. ವಜ್ರಾಕೃತಿಯ ಚೌಕಟ್ಟು, ಹಿಂದಿನ ಚಕ್ರಕ್ಕೆ ಚೈನು, ಒಂದೇ ಗೇರು: ಇದಿಷ್ಟು ಅದರ ರಚನೆ.

ಅಂಗಡಿ ತೆರೆದ ವರ್ಷವೇ ಅವರು ಒಂದು ಪತ್ರಿಕೆಯನ್ನೂ ಆರಂಭಿಸಿದರು. ಮೊದಲು ಆ ಪ್ರದೇಶದ ಹೆಸರನ್ನು ಸೇರಿಸಿಕೊಂಡಿದ್ದ ಅದು ಮರುವರ್ಷ ಲ ಸಿಕ್ಲಿಸ್ತ್ ಎಂಬ ಸರಳ ಹೆಸರನ್ನು ಪಡೆಯಿತು. ವೆಲೋಸಿಯೊ ಎಂಬ ಹೆಸರಿನಲ್ಲಿ ಅವರು ಬರೆದದ್ದು ಈ ಪತ್ರಿಕೆಯಲ್ಲಿ. ಅಂಗಡಿಯ ಜಾಹೀರಾತಿಗೆಂದು ಹುಟ್ಟಿದ ಪತ್ರಿಕೆ ಎಂದುಕೊಂಡರೆ ತಪ್ಪಾದೀತು. ಹೊಸ ಬಿಡಿಭಾಗವೊಂದನ್ನು ತಾವೇ ನೂರಾರು ಕಿಲೋಮೀಟರ್ ಓಡಿಸಿ, ಗುಣದೋಷಗಳನ್ನು ಬರೆಯುವುದು ಸಂಪಾದಕರ ಕ್ರಮ. ಓದುಗರೂ ತಮ್ಮ ಊರಿನ ಏರು, ತಮ್ಮ ವಯಸ್ಸು, ತಮ್ಮ ಸೈಕಲ್ಲಿನ ಹಲ್ಲುಗಳ ಲೆಕ್ಕಗಳನ್ನು ಕಳುಹಿಸುತ್ತಿದ್ದರು. ಯಂತ್ರವನ್ನು ಮಾರುವವನೂ ಬಳಸುವವನೂ ಒಂದೇ ಪುಟದಲ್ಲಿ ಚರ್ಚಿಸುವ ಈ ಪದ್ಧತಿಯೇ ಮುಂದಿನ ವಾದವಿವಾದಗಳಲ್ಲಿ ಅವರ ಬಲವಾಯಿತು.

ಒಂಟಿ ಗೇರಿನ ತೊಡಕು

ಎತ್ತರದ ಚಕ್ರದ ಹಳೆಯ ಸೈಕಲ್ಲಿನಲ್ಲಿ ಪೆಡಲನ್ನು ಚಕ್ರದ ನಡುವಿಗೇ ಜೋಡಿಸಲಾಗಿತ್ತು. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. 54 ಅಂಗುಲ ವ್ಯಾಸದ ಚಕ್ರವಿದ್ದರೆ ಒಂದು ಸುತ್ತಿಗೆ ಸುಮಾರು 4.3 ಮೀಟರ್ ದೂರ ಸಾಗುತ್ತಿತ್ತು. ಇದಕ್ಕಿಂತ ಹೆಚ್ಚು ದೂರ ಬೇಕಾದರೆ ಇನ್ನೂ ದೊಡ್ಡ ಚಕ್ರ ಬೇಕು, ಆದರೆ ಸವಾರನ ಕಾಲು ಅಷ್ಟು ಉದ್ದವಿರಬೇಕಲ್ಲ! ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ರೂಪಿಸಿದ ಉರುಳೆಗಳುಳ್ಳ ಚೈನು ಹಾಗೂ 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತಂದ ಸಮಾನ ಚಕ್ರಗಳ ರೋವರ್ ಸೈಕಲ್ಲು ಈ ಕಟ್ಟನ್ನು ಬಿಡಿಸಿದವು. ಇನ್ನು ಮುಂದೆ ಚಕ್ರದ ಗಾತ್ರ ಬೇರೆ, ಗೇರಿನ ಲೆಕ್ಕ ಬೇರೆ. ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿ ಚಕ್ರದ ಸುತ್ತಳತೆಯಿಂದ ಗುಣಿಸಿದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ದೂರ ಹೋಗುತ್ತದೆಂಬುದು ಸಿಗುತ್ತದೆ. ಫ್ರೆಂಚರು ಗೇರನ್ನು ಇಂದಿಗೂ ಹೀಗೆ ಮೀಟರಿನಲ್ಲಿ ಹೇಳುತ್ತಾರೆ. ಈ ಲೇಖನದಲ್ಲಿ ಇದನ್ನು ಸುತ್ತಿನ ದೂರ ಎಂದು ಕರೆಯಲಾಗಿದೆ.

ಚೈನು ಬಂದರೂ ಗೇರು ಮಾತ್ರ ಒಂದೇ ಉಳಿಯಿತು. ಸೇಂಟ್ ಎಟಿಯನ್ ನಗರದ ದಕ್ಷಿಣಕ್ಕೆ 1161 ಮೀಟರ್ ಎತ್ತರದ ರಿಪಬ್ಲಿಕ್ ಕಣಿವೆಮಾರ್ಗವಿದೆ. ಒಮ್ಮೆ ದ ವಿವಿಯವರು ತಮ್ಮ ಗೊಲ್ವಾಜ್ ಸೈಕಲ್ಲಿನಲ್ಲಿ ಈ ಏರನ್ನು ಶ್ರಮಪಟ್ಟು ಹತ್ತುತ್ತಿದ್ದಾಗ, ಅವರ ಪತ್ರಿಕೆಯ ಓದುಗನೊಬ್ಬ ಬಾಯಲ್ಲಿ ಪೈಪು ಕಚ್ಚಿಕೊಂಡು ಸರಾಗವಾಗಿ ಅವರನ್ನು ಹಿಂದೆ ಹಾಕಿ ಹೋದನೆಂಬ ಪ್ರಸಂಗ ಅವರ ಚರಿತ್ರೆಯಲ್ಲಿ ಪ್ರಸಿದ್ಧ. ತಗ್ಗಿನ ಗೇರು ಹಾಕಿಕೊಂಡರೆ ಏರು ಹಗುರವಾಗುತ್ತದೆ, ಆದರೆ ಅದೇ ಗೇರಿನಲ್ಲಿ ಬಯಲಿಗೆ ಬಂದರೆ ಕಾಲು ಗಿರಗಿರನೆ ತಿರುಗಿ ಸೈಕಲ್ಲು ಮುಂದೆ ಸಾಗದು. ಒಂದೇ ಸೈಕಲ್ಲಿನಲ್ಲಿ ಎರಡನ್ನೂ ಪಡೆಯುವುದು ಹೇಗೆಂಬ ಪ್ರಶ್ನೆಯೇ ಮುಂದೆ ಅವರ ಜೀವನದ ಕೆಲಸವಾಯಿತು.

ಈ ಪ್ರಶ್ನೆಯ ತೂಕ ತಿಳಿಯಲು ಸೇಂಟ್ ಎಟಿಯನ್‌ವರೆಗೆ ಹೋಗಬೇಕಾಗಿಲ್ಲ. ಉಡುಪಿ ಜಿಲ್ಲೆಯ ರಸ್ತೆಗಳೇ ಸಾಕು. ಕಾಪುವಿನಿಂದ ಉಡುಪಿಗೆ ಬರುವ ಕರಾವಳಿಯ ಹೆದ್ದಾರಿ ಬಹುಮಟ್ಟಿಗೆ ಸಮತಟ್ಟು. ಅಲ್ಲಿ ಸವಾರನ ಎದುರಾಳಿ ಏರಲ್ಲ, ಕಡಲಗಾಳಿ. ಉಡುಪಿಯಿಂದ ಪೂರ್ವಕ್ಕೆ ಹೊರಳಿ ಇಂದ್ರಾಳಿ ದಾಟಿದರೆ ಮಣಿಪಾಲದ ಗುಡ್ಡದ ಏರು. ಕಾಪುವಿನಿಂದ ಶಿರ್ವ, ಬೆಳ್ಮಣ್ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವಾಗ ಮುರಕಲ್ಲಿನ ಪದವುಗಳನ್ನು ಹತ್ತಿ ಇಳಿಯಬೇಕಾಗುತ್ತದೆ. ಕಾರ್ಕಳದಿಂದಾಚೆ ಮಾಳದ ಘಾಟಿಯೂ, ಹೆಬ್ರಿಯಿಂದಾಚೆ 14 ತಿರುವುಗಳ ಆಗುಂಬೆ ಘಾಟಿಯೂ ಕಾದಿವೆ. 44 ಹಲ್ಲಿನ ಮುಂಚಕ್ರ, 18 ಹಲ್ಲಿನ ಫ್ರೀವೀಲ್ ಇರುವ ಸಾಧಾರಣ 28 ಅಂಗುಲದ ಸೈಕಲ್ಲಿನ ಸುತ್ತಿನ ದೂರ ಸುಮಾರು 5.4 ಮೀಟರ್. ಕಾಪುವಿನ ರಸ್ತೆಗೆ ಇದು ಹಿತಕರ. ಆದರೆ ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 80 ಕಿಲೋ ಇದ್ದು, ಸವಾರನ ಕಾಲಿನಿಂದ 100 ವ್ಯಾಟ್ ಶಕ್ತಿ ಹೊರಡುತ್ತದೆಂದು ಇಟ್ಟುಕೊಂಡರೆ ವೇಗ ಗಂಟೆಗೆ ಸುಮಾರು 7 ಕಿಲೋಮೀಟರ್ ಮಾತ್ರ. ಆ ವೇಗದಲ್ಲಿ 5.4 ಮೀಟರಿನ ಗೇರನ್ನು ನಿಮಿಷಕ್ಕೆ 22 ಸುತ್ತಿನಂತೆ ತುಳಿಯಬೇಕು. ಅದು ತುಳಿಯುವುದಲ್ಲ, ಮೆಟ್ಟಿಲು ಹತ್ತುವುದು. ಮಂಡಿಗೆ ಭಾರ ತಾಳದೆ ಸವಾರ ಇಳಿದು ತಳ್ಳಿಕೊಂಡು ಹೋಗುತ್ತಾನೆ. ಅದೇ ಸವಾರನಿಗೆ 2.2 ಮೀಟರಿನ ಗೇರು ಕೊಟ್ಟರೆ ನಿಮಿಷಕ್ಕೆ 53 ಸುತ್ತು. ವೇಗ ಹೆಚ್ಚಾಗಲಿಲ್ಲ, ಆದರೆ ಆತ ಕುಳಿತೇ ಹತ್ತುತ್ತಾನೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವ ಶಕ್ತಿಯನ್ನು ಕಾಲಿಗೆ ಒಗ್ಗುವ ಲಯದಲ್ಲಿ ಖರ್ಚು ಮಾಡಿಸುತ್ತದೆ. ದ ವಿವಿಯವರ ವಾದದ ತಿರುಳು ಇದೇ.

ಪ್ರಯೋಗಗಳು

ಮೊದಲ ಪರಿಹಾರ ತೀರಾ ಸರಳವಾಗಿತ್ತು. ಮುಂದೆ ಎರಡು ಹಲ್ಲುಚಕ್ರಗಳನ್ನು ಒತ್ತೊತ್ತಾಗಿ ಜೋಡಿಸಿ, ಏರು ಬಂದಾಗ ಇಳಿದು ಚೈನನ್ನು ಕೈಯಿಂದ ಎತ್ತಿ ಸಣ್ಣ ಚಕ್ರಕ್ಕೆ ಹಾಕುವುದು. ಕೈ ಎಣ್ಣೆಯಾಗುತ್ತಿತ್ತು, ಬಟ್ಟೆಯೂ ಹಾಳಾಗುತ್ತಿತ್ತು. ಆದರೆ ಇಳಿದು ತಳ್ಳುವುದಕ್ಕಿಂತ ಮೇಲು. ನಂತರ ಸೈಕಲ್ಲಿನ ಎಡಬದಿಯಲ್ಲಿಯೂ ಹಲ್ಲುಚಕ್ರಗಳನ್ನು ಕೂಡಿಸಿ ನಾಲ್ಕು ಗೇರುಗಳನ್ನು ಪಡೆದರು. 1901ರ ಹೊತ್ತಿಗೆ ಇಂಗ್ಲೆಂಡಿನ ವ್ಹಿಪೆಟ್ ಸೈಕಲ್ಲಿನ ಗೇರು ಬದಲಾವಣೆಯ ವಿಧಾನವನ್ನು ಕಂಡು, ಅದರ ತತ್ವವನ್ನು ತಮ್ಮ ವ್ಯವಸ್ಥೆಗೆ ಅಳವಡಿಸಿಕೊಂಡರು.

ಆ ವರ್ಷಗಳಲ್ಲಿ ಸೇಂಟ್ ಎಟಿಯನ್ ಒಂದು ಪ್ರಯೋಗಶಾಲೆಯಂತೆಯೇ ಇತ್ತು. ಊರಿನ ದೊಡ್ಡ ಕಾರ್ಖಾನೆಯು ಹಿರೊಂಡೆಲ್ ಎಂಬ ಹೆಸರಿನ ಸೈಕಲ್ಲುಗಳಲ್ಲಿ ವಿಚಿತ್ರವಾದ ಇಮ್ಮುಖ ಗೇರನ್ನು ಮಾರುತ್ತಿತ್ತು: ಪೆಡಲನ್ನು ಮುಂದಕ್ಕೆ ತುಳಿದರೆ ಬಯಲಿನ ಗೇರು, ಹಿಂದಕ್ಕೆ ತುಳಿದರೆ ಏರಿನ ಗೇರು. ಕೇಳಲು ತಮಾಷೆಯಾದರೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬು ಇದೇ ಕಾಲದಲ್ಲಿ ಬಂದಿತು. ಅದರ ಹಲ್ಲುಗಳೆಲ್ಲ ಚಕ್ರದ ಗುಂಭದೊಳಗೆ ಅಡಗಿದ್ದು ಧೂಳು, ನೀರು ತಾಗದಿದ್ದುದು ಅದರ ಹೆಚ್ಚುಗಾರಿಕೆ. ಚೈನನ್ನು ಪಕ್ಕಕ್ಕೆ ತಳ್ಳುವ ಡಿರೇಲರ್ ಇವೆಲ್ಲಕ್ಕಿಂತ ಹಗುರ, ಅಗ್ಗ, ಬಿಚ್ಚಿ ರಿಪೇರಿ ಮಾಡಲು ಸುಲಭ. ಆದರೆ ತೆರೆದ ಯಂತ್ರವಾದ್ದರಿಂದ ಕೆಸರಿಗೆ ಸಿಕ್ಕಿ ಬೇಗ ಸವೆಯುತ್ತದೆ. ಸೇಂಟ್ ಎಟಿಯನ್ನಿನ ಜೊಆನಿ ಪನೆಲ್ ತಯಾರಿಸಿದ ಲ ಶೆಮಿನೊ ಎಂಬ ಡಿರೇಲರ್ ಈ ಪರಿಸರದ ಫಲ.

ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಉಳಿದವನ್ನು ಹಳಿಯುವ ಸ್ವಭಾವ ದ ವಿವಿಯವರದಲ್ಲ. ಕ್ರ್ಯಾಂಕಿನ ಉದ್ದ, ಚಕ್ರದ ಗಾತ್ರ, ಟಯರಿನ ಅಗಲ ಎಲ್ಲವನ್ನೂ ಬದಲಿಸಿ ನೋಡಿದರು. ಅಗಲವಾದ, ಮೆತ್ತಗಿನ ಟಯರುಗಳನ್ನು ಹೊಗಳಿದ್ದಕ್ಕಾಗಿ ನಗೆಗೀಡಾದರು. ನೂರು ವರ್ಷಗಳ ನಂತರ ರಸ್ತೆ ಸೈಕಲ್ಲುಗಳ ಟಯರುಗಳು ಮತ್ತೆ ಅಗಲವಾಗುತ್ತಿರುವುದನ್ನು ಇಲ್ಲಿ ನೆನೆಯಬಹುದು.

ದೆಗ್ರಾಂಜ್ ಅವರೊಡನೆ ವಿವಾದ

ಬಹುಗೇರಿನ ಪ್ರಬಲ ವಿರೋಧಿ ಆನ್ರಿ ದೆಗ್ರಾಂಜ್. 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿಲೋಮೀಟರ್ ಕ್ರಮಿಸಿ ದಾಖಲೆ ಸ್ಥಾಪಿಸಿದ್ದ ಇವರು ಲೋತೋ ಪತ್ರಿಕೆಯ ಸಂಪಾದಕರೂ, 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಪಂದ್ಯದ ಸ್ಥಾಪಕರೂ ಆಗಿದ್ದರು. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಬೆಟ್ಟದ ಹಾದಿಯಲ್ಲಿ ಸುಮಾರು 240 ಕಿಲೋಮೀಟರಿನ ಒಂದು ಪರೀಕ್ಷೆಯನ್ನು ಏರ್ಪಡಿಸಿತು. ಮೂರು ಗೇರುಗಳ ಗೊಲ್ವಾಜ್ ಸೈಕಲ್ಲಿನಲ್ಲಿ ಮಾರ್ತ್ ಎಸ್ ಎಂಬ ಮಹಿಳೆ ಸವಾರಿ ಮಾಡಿದರು. ಒಂಟಿ ಗೇರಿನ ಸೈಕಲ್ಲಿನಲ್ಲಿ ಎದುರಾಳಿಯಾಗಿದ್ದವರು ಪಳಗಿದ ಪಂದ್ಯಗಾರ ಎದುವಾರ್ ಫಿಶರ್. ಎಸ್ ಅವರು ದಾರಿಯುದ್ದಕ್ಕೂ ಕಾಲು ನೆಲಕ್ಕೆ ಊರದೆ ಸಾಗಿ ಗೆದ್ದರೆಂದು ವರದಿಯಾಯಿತು.

ಫಲಿತಾಂಶ ಇಷ್ಟು ಸ್ಪಷ್ಟವಾಗಿದ್ದರೂ ದೆಗ್ರಾಂಜರು ಒಪ್ಪಲಿಲ್ಲ. ಬದಲಾಗುವ ಗೇರುಗಳು ನಲವತ್ತೈದು ದಾಟಿದವರಿಗೆ ಇರಲಿ, ಯುವಕನಾದವನು ಸ್ನಾಯುಬಲದಿಂದ ಗೆಲ್ಲಬೇಕೇ ಹೊರತು ಯಂತ್ರದ ಉಪಾಯದಿಂದಲ್ಲ ಎಂಬುದು ಅವರ ನಿಲುವು. ಇದನ್ನು ಕೇವಲ ಹಠವೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಪಂದ್ಯ ನಡೆಸುವವನಿಗೆ ಮನುಷ್ಯರ ನಡುವಿನ ವ್ಯತ್ಯಾಸ ಕಾಣಬೇಕು, ಯಂತ್ರಗಳ ನಡುವಿನದಲ್ಲ. ಆದರೆ ಪಂದ್ಯದ ನಿಯಮವು ಪಂದ್ಯಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಪಂದ್ಯಗಾರರು ಏನು ಬಳಸುತ್ತಾರೋ ಅದನ್ನೇ ಊರಿನ ಗುಮಾಸ್ತನೂ ಅಂಚೆಯವನೂ ಕೊಳ್ಳಲು ಬಯಸಿದರು. ಅಂಗಡಿಗಳೂ ಅದನ್ನೇ ತರಿಸಿದವು. ತಗ್ಗಿನ ಗೇರು ದುರ್ಬಲರ ಗುರುತು ಎಂಬ ಭಾವನೆ ಬೆಳೆಯಿತು. ವಾರಕ್ಕೊಮ್ಮೆ ಮಾತ್ರ ಸವಾರಿ ಮಾಡುವ, ಪಂದ್ಯದ ಗೊಡವೆಯೇ ಇಲ್ಲದ ಸಾಮಾನ್ಯನು ತನ್ನ ಕಾಲಿಗೆ ಮೀರಿದ ಗೇರನ್ನು ಹಣ ಕೊಟ್ಟು ತಂದು, ಮಂಡಿನೋವಿನಿಂದ ಸೈಕಲ್ಲನ್ನೇ ಬಿಡುವಂತಾಯಿತು. ದ ವಿವಿಯವರ ತಕರಾರು ಇದ್ದದ್ದು ಇಲ್ಲಿ. ಅವರು ಬರೆಯುತ್ತಿದ್ದದ್ದು ವಿಜೇತನಿಗಾಗಿ ಅಲ್ಲ, ಈ ಮನುಷ್ಯನಿಗಾಗಿ.

ಟೂರ್ ಡಿ ಫ್ರಾನ್ಸ್ ತನ್ನ ಮೊದಲ ವರ್ಷವೇ ರಿಪಬ್ಲಿಕ್ ಕಣಿವೆಮಾರ್ಗವನ್ನು ಹಾದುಹೋಯಿತು. ಅದು ಆ ಪಂದ್ಯ ಏರಿದ ಸಾವಿರ ಮೀಟರಿಗೂ ಮಿಗಿಲಾದ ಮೊದಲ ಮಾರ್ಗ. ಆದರೆ ಪಂದ್ಯಗಾರರು ದಶಕಗಳ ಕಾಲ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ, ತಿರುಗಿಸಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಹಾಕಿಕೊಳ್ಳುತ್ತಿದ್ದರು. ಡಿರೇಲರಿಗೆ ಅಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಅದನ್ನು ನೋಡಲು ದ ವಿವಿಯವರು ಉಳಿದಿರಲಿಲ್ಲ.

ಸವಾರಿಯ ಕ್ರಮ

ಅವರ ಶಿಷ್ಯವರ್ಗಕ್ಕೆ ಸೇಂಟ್ ಎಟಿಯನ್ ಪಂಥ ಎಂಬ ಹೆಸರು ಬಂದಿತು. ರಾತ್ರಿಯಿಡೀ ಸಾಗುವ ದೀರ್ಘ ಸವಾರಿಗಳು ಈ ಗುಂಪಿನ ವಿಶೇಷ. ಈಸ್ಟರ್ ಹಬ್ಬದ ಹೊತ್ತಿಗೆ ದಕ್ಷಿಣದ ಪ್ರೊವೆನ್ಸ್ ಪ್ರದೇಶಕ್ಕೆ ಹೋಗಿ ಸೇರುವುದು ವಾಡಿಕೆಯಾಯಿತು. ದ ವಿವಿಯವರು ಸಸ್ಯಾಹಾರಿ, ಎಸ್ಪೆರಾಂಟೊ ಭಾಷೆಯ ಪ್ರೇಮಿ. ಸವಾರರಿಗೆಂದು ಅವರು ಏಳು ನಿಯಮಗಳನ್ನು ಹೇಳಿದ್ದರು. ತಂಗುವುದು ಅಪರೂಪವಾಗಿರಲಿ ಮತ್ತು ಅಲ್ಪವಾಗಿರಲಿ, ಹಸಿಯುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಪೂರ್ತಿ ಬಳಲುವಷ್ಟು ತುಳಿಯಬಾರದು, ದಾರಿಯಲ್ಲಿ ಮದ್ಯ ಮಾಂಸ ತಂಬಾಕು ವರ್ಜ್ಯ ಎಂಬವು ಅವುಗಳಲ್ಲಿ ಸೇರಿವೆ. ಇತರರ ಮೆಚ್ಚುಗೆಗಾಗಿ ಎಂದೂ ತುಳಿಯಬಾರದೆಂಬುದು ಕೊನೆಯದು; ಗೇರಿನ ಕುರಿತು ಅವರು ಬರೆದುದೆಲ್ಲ ಈ ನಿಯಮದ ವಿಸ್ತರಣೆಯೇ ಎನ್ನಬಹುದು.

ನಿಧನ

ಎಪ್ಪತ್ತು ದಾಟಿದ ಮೇಲೂ ದ ವಿವಿಯವರು ಸವಾರಿ ಬಿಡಲಿಲ್ಲ. 1930ರಲ್ಲಿ ಸೇಂಟ್ ಎಟಿಯನ್‌ನ ಬೀದಿಯೊಂದರಲ್ಲಿ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದಾಗ ಟ್ರಾಮ್ ಬಡಿದು ಮರಣ ಹೊಂದಿದರು. ಲ ಸಿಕ್ಲಿಸ್ತ್ ಪತ್ರಿಕೆ ಅವರ ನಂತರವೂ ದಶಕಗಳ ಕಾಲ ನಡೆಯಿತು.

ಬಿಡಿಭಾಗಗಳ ಆಯ್ಕೆ ಮತ್ತು ಖರ್ಚಿನಲ್ಲಿ ಅವರ ವಿಚಾರದ ಪ್ರಸ್ತುತತೆ

ದ ವಿವಿಯವರ ನಂತರ ಡಿರೇಲರ್ ವೇಗವಾಗಿ ಬೆಳೆಯಿತು. ಫ್ರಾನ್ಸಿನ ಲ್ಯೂಸಿಯನ್ ಜ್ವಿ ಸ್ಥಾಪಿಸಿದ ಸಿಂಪ್ಲೆಕ್ಸ್, ಇಟಲಿಯ ಕಂಪಾನ್ಯೊಲೊ, ಜಪಾನಿನ ಸನ್‌ಟೂರ್ ಮತ್ತು ಶಿಮಾನೊ ಕಂಪನಿಗಳು ಒಂದರ ನಂತರ ಒಂದರಂತೆ ಸುಧಾರಣೆಗಳನ್ನು ತಂದವು. 1921ರಲ್ಲಿ ಸಕಾಯಿ ನಗರದಲ್ಲಿ ಫ್ರೀವೀಲ್ ತಯಾರಿಸಲು ಹುಟ್ಟಿದ ಶಿಮಾನೊ ಇಂದು ಈ ಕ್ಷೇತ್ರದಲ್ಲಿ ಅಗ್ರಗಣ್ಯ. ಹಿಂದಿನ ಚಕ್ರದಲ್ಲಿ 8ರಿಂದ 12ರವರೆಗೆ ಹಲ್ಲುಚಕ್ರಗಳ ಕ್ಯಾಸೆಟ್ಟು, ಮುಂದೆ ಎರಡು ಹಲ್ಲುಚಕ್ರಗಳು ಇರುವುದು ಈಗಿನ ಸಾಮಾನ್ಯ ರಸ್ತೆ ಸೈಕಲ್ಲಿನ ರಚನೆ. ಆದರೆ ಕೊಳ್ಳುವವನ ಮುಂದಿರುವ ಪ್ರಶ್ನೆ ಬದಲಾಗಿಲ್ಲ: ಇರುವ ಹಣವನ್ನು ಯಾವುದಕ್ಕೆ ಹಾಕಬೇಕು?

ದ ವಿವಿಯವರ ಕ್ರಮದಲ್ಲಿ ಯೋಚಿಸುವವನು ಮೊದಲು ನಿರ್ಧರಿಸಬೇಕಾದದ್ದು ಅತ್ಯಂತ ತಗ್ಗಿನ ಗೇರು. ಪಂದ್ಯಗಾರರ ಹಳೆಯ ಪದ್ಧತಿಯ 53 ಮತ್ತು 39 ಹಲ್ಲಿನ ಮುಂಚಕ್ರಗಳಿಗೆ 25 ಹಲ್ಲಿನ ಹಿಂಚಕ್ರ ಸೇರಿದರೆ, ಸುಮಾರು 2.1 ಮೀಟರ್ ಸುತ್ತಳತೆಯ ಚಕ್ರದಲ್ಲಿ ತಗ್ಗಿನ ಸುತ್ತಿನ ದೂರ 3.3 ಮೀಟರ್ ಆಗುತ್ತದೆ. ಕಾಪು, ಮಲ್ಪೆ, ಉಡುಪಿಯ ನಡುವೆ ಮಾತ್ರ ಓಡಾಡುವವರಿಗೆ ಇದು ಸಾಲುತ್ತದೆ. ಕಾರ್ಕಳದಾಚೆಯ ಘಾಟಿಯಲ್ಲಿ ಸಾಮಾನ್ಯ ಸವಾರನಿಗೆ ಇದು ಸೋಲು. 50 ಮತ್ತು 34 ಹಲ್ಲಿನ ಮುಂಚಕ್ರಗಳಿಗೆ 32 ಹಲ್ಲಿನ ಹಿಂಚಕ್ರ ಸೇರಿದರೆ ಅದೇ ಲೆಕ್ಕ 2.2 ಮೀಟರಿಗೆ ಇಳಿಯುತ್ತದೆ. 34 ಹಲ್ಲಿನದಾದರೆ 2.1 ಮೀಟರ್. ಎತ್ತರದ ತುದಿಯಲ್ಲಿ 50ಕ್ಕೆ 11 ಹಲ್ಲು ಸೇರಿದರೆ ಸುತ್ತಿನ ದೂರ 9.5 ಮೀಟರ್, ಇಳಿಜಾರನ್ನು ಬಿಟ್ಟರೆ ಇದನ್ನು ಬಳಸುವ ಬಲ ಹೆಚ್ಚಿನವರಿಗೆ ಇರುವುದಿಲ್ಲ. ಹೀಗಿದ್ದೂ ಅಂಗಡಿಯಲ್ಲಿ ಜನ ವಿಚಾರಿಸುವುದು ಎತ್ತರದ ಗೇರನ್ನೇ.

ಬೆಲೆಯ ಶ್ರೇಣಿಗಳನ್ನು ಈ ದೃಷ್ಟಿಯಿಂದ ನೋಡಬೇಕು. ಶಿಮಾನೊ ಕಂಪನಿಯ ರಸ್ತೆ ಸೈಕಲ್ ಭಾಗಗಳಲ್ಲಿ ಬಹುಕಾಲ 8 ಹಲ್ಲುಚಕ್ರಗಳ ಕ್ಲಾರಿಸ್, 9ರ ಸೋರಾ, 10ರ ಟಿಯಾಗ್ರಾ ಕೆಳಗಿನ ಮೆಟ್ಟಿಲುಗಳಾಗಿದ್ದು, ಅವುಗಳ ಮೇಲೆ 105, ಅಲ್ಟೆಗ್ರಾ, ಡ್ಯುರಾ ಏಸ್ ಇದ್ದವು. ಮೇಲೇರಿದಂತೆ ತೂಕ ಇಳಿಯುತ್ತದೆ, ಗೇರು ಬದಲಾವಣೆ ನಯವಾಗುತ್ತದೆ, ಹಲ್ಲುಚಕ್ರಗಳ ಸಂಖ್ಯೆ ಹೆಚ್ಚುತ್ತದೆ. ಆದರೆ ಅತ್ಯಂತ ತಗ್ಗಿನ ಗೇರು ಮಾತ್ರ ಕೆಳಗಿನ ಮೆಟ್ಟಿಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಅಂದರೆ ಮಣಿಪಾಲದ ಏರನ್ನು ಹತ್ತಿಸುವ ಗುಣ ಅಗ್ಗದ ಸೈಕಲ್ಲಿನಲ್ಲಿಯೂ ಇದೆ. ದುಬಾರಿಯದರಲ್ಲಿ ಹೆಚ್ಚುವರಿಯಾಗಿ ದೊರೆಯುವುದು ಮೆಟ್ಟಿಲುಗಳ ನಡುವಿನ ಅಂತರ ಕಿರಿದಾಗುವುದು. ಗಾಳಿಗೆದುರಾಗಿ ಕರಾವಳಿಯ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ಲಯದಲ್ಲಿ ತುಳಿಯುವವರಿಗೆ ಅದರ ಸುಖ ಗೊತ್ತಾಗುತ್ತದೆ. ಕೆಲಸಕ್ಕೆ ಹೋಗಿಬರುವವರಿಗೆ ಅಷ್ಟಾಗಿ ಗೊತ್ತಾಗದು.

ಈಗಾಗಲೇ ಸೈಕಲ್ಲು ಇದ್ದು ಏರು ಮಾತ್ರ ಕಷ್ಟವೆನಿಸಿದರೆ ಕ್ಯಾಸೆಟ್ಟನ್ನಷ್ಟೇ ದೊಡ್ಡ ಹಲ್ಲುಚಕ್ರವಿರುವುದಕ್ಕೆ ಬದಲಿಸುವುದು ಕಡಿಮೆ ಖರ್ಚಿನ ದಾರಿ. ಇದಕ್ಕೆ ಎರಡು ಮಿತಿಗಳಿವೆ. ಹಿಂದಿನ ಡಿರೇಲರ್ ಎಷ್ಟು ಹಲ್ಲಿನ ಚಕ್ರದವರೆಗೆ ಎಟುಕುತ್ತದೆಂಬುದು ಒಂದು. ಅದು ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯಬಲ್ಲದೆಂಬುದು ಇನ್ನೊಂದು. ಮುಂದಿನ ಎರಡು ಚಕ್ರಗಳ ವ್ಯತ್ಯಾಸಕ್ಕೆ ಹಿಂದಿನ ದೊಡ್ಡ ಸಣ್ಣ ಚಕ್ರಗಳ ವ್ಯತ್ಯಾಸವನ್ನು ಕೂಡಿಸಿದರೆ ಈ ಎರಡನೆಯ ಅಳತೆ ಸಿಗುತ್ತದೆ: 50 ಮತ್ತು 34ಕ್ಕೆ 16, 34 ಮತ್ತು 11ಕ್ಕೆ 23, ಒಟ್ಟು 39. ಗಿಡ್ಡ ತೋಳಿನ ಡಿರೇಲರಿಗೆ ಇಷ್ಟು ಸಾಧ್ಯವಿಲ್ಲ. ಉದ್ದ ತೋಳಿನದು ಬೇಕು. ಇವೆರಡನ್ನು ನೋಡದೆ ಕ್ಯಾಸೆಟ್ಟು ತಂದರೆ ಡಿರೇಲರೂ ಚೈನೂ ಹೊಸದಾಗಿ ಬೇಕಾಗಿ ಖರ್ಚು ಬೆಳೆಯುತ್ತದೆ. 8ರ ಸೈಕಲ್ಲನ್ನು 11ಕ್ಕೆ ಏರಿಸುವುದಂತೂ ಗೇರು ಬದಲಿಸುವ ಹಿಡಿಯಿಂದ ಹಿಡಿದು ಎಲ್ಲವನ್ನೂ ಬದಲಿಸುವ ಕೆಲಸ. ಹಲವು ಸಲ ಚಕ್ರದ ಗುಂಭವೂ ಹೊಂದುವುದಿಲ್ಲ. ಅಷ್ಟು ಹಣವಿದ್ದರೆ ಬೇರೆ ಸೈಕಲ್ಲಿನ ವಿಚಾರ ಮಾಡುವುದೇ ಜಾಣತನ.

ಕೊಂಡ ಮೇಲಿನ ಖರ್ಚು ಜನರ ಲೆಕ್ಕದಲ್ಲಿ ಸೇರುವುದೇ ಕಡಿಮೆ. ಡಿರೇಲರ್ ತೆರೆದ ಯಂತ್ರವೆಂಬ ಹಳೆಯ ದೋಷ ಈ ಕರಾವಳಿಯಲ್ಲಿ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ಕೆಸರು ಎಣ್ಣೆಯೊಡನೆ ಬೆರೆತು ಉಪ್ಪುಕಾಗದದಂತೆ ಚೈನನ್ನು ತಿನ್ನುತ್ತದೆ. ಉಳಿದ ಕಾಲದಲ್ಲಿ ಕಡಲತೀರದ ಉಪ್ಪುಗಾಳಿ ತುಕ್ಕು ಹಿಡಿಸುತ್ತದೆ. ಚೈನಿನ ಪ್ರತಿ ಕೊಂಡಿಯ ಅಂತರ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು. ಸವೆದಂತೆ ಚೈನು ಉದ್ದವಾಗುತ್ತದೆ. ಈ 12 ಅಂಗುಲಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚಾದರೆ 11 ಮತ್ತು 12ರ ಸೈಕಲ್ಲುಗಳಲ್ಲಿಯೂ, ಎರಡು ಮಿಲಿಮೀಟರ್ ದಾಟಿದರೆ ಅದಕ್ಕಿಂತ ಕೆಳಗಿನವುಗಳಲ್ಲಿಯೂ ಬದಲಿಸತಕ್ಕದ್ದು. ಬದಲಿಸದೆ ಓಡಿಸಿದರೆ ಉದ್ದವಾದ ಚೈನು ಕ್ಯಾಸೆಟ್ಟಿನ ಹಲ್ಲುಗಳನ್ನು ತನ್ನ ಅಳತೆಗೆ ಸವೆಸುತ್ತದೆ, ಆಮೇಲೆ ಹೊಸ ಚೈನು ಅವುಗಳ ಮೇಲೆ ನಿಲ್ಲದೆ ಜಾರುತ್ತದೆ. ಚೈನು ಈ ಭಾಗಗಳಲ್ಲಿ ಅಗ್ಗದ್ದು. ಕ್ಯಾಸೆಟ್ಟು, ಮುಂಚಕ್ರಗಳು ಹಲವು ಪಟ್ಟು ದುಬಾರಿ. ಆದ್ದರಿಂದ ಬಜೆಟ್ಟಿನಲ್ಲಿ ಒಂದು ಮೆಟ್ಟಿಲು ಕೆಳಗಿನ ಭಾಗಗಳನ್ನು ಕೊಂಡು, ಉಳಿದ ಹಣದಲ್ಲಿ ಎರಡು ಹೆಚ್ಚುವರಿ ಚೈನು ಮತ್ತು ಎಣ್ಣೆ ಇಟ್ಟುಕೊಂಡವರ ಸೈಕಲ್ಲು ಮೂರು ಮಳೆಗಾಲಗಳ ನಂತರವೂ ನಯವಾಗಿ ಓಡುವುದುಂಟು. 8 ಮತ್ತು 9ರ ಭಾಗಗಳು ಎಲ್ಲೆಡೆ ಸಿಗುತ್ತವೆ, ಬೆಲೆಯೂ ಕಡಿಮೆ ಎಂಬುದು ಇದಕ್ಕೆ ಪೂರಕ.

ಸ್ಮಾರಕಗಳು

ರಿಪಬ್ಲಿಕ್ ಕಣಿವೆಮಾರ್ಗದಲ್ಲಿ ದ ವಿವಿಯವರ ಸ್ಮಾರಕವಿದೆ. ಅವರು ಬದುಕಿರುವಾಗಲೇ, 1922ರಲ್ಲಿ, ಅವರ ಗೌರವಾರ್ಥ ಆ ಏರನ್ನು ಸಾಮೂಹಿಕವಾಗಿ ಹತ್ತುವ ವಾರ್ಷಿಕ ಕೂಟ ಆರಂಭವಾಗಿತ್ತು. ಈಸ್ಟರ್ ಸಮಯದಲ್ಲಿ ಪ್ರೊವೆನ್ಸ್‌ನತ್ತ ಸಾಗುವ ಫ್ಲೆಶ್ ವೆಲೋಸಿಯೊ ಎಂಬ ತಂಡಸವಾರಿ ಅವರ ಹೆಸರನ್ನೇ ಹೊತ್ತಿದೆ. ಮೂರರಿಂದ ಐದು ಸೈಕಲ್ಲುಗಳ ತಂಡ 24 ಗಂಟೆಗಳಲ್ಲಿ ಕನಿಷ್ಠ 360 ಕಿಲೋಮೀಟರ್ ಕ್ರಮಿಸಬೇಕು. ಭಾರತದಲ್ಲಿ ನಡೆಯುವ 200, 300, 400 ಮತ್ತು 600 ಕಿಲೋಮೀಟರಿನ ಬ್ರೆವೆ ಸವಾರಿಗಳು ಇದೇ ಫ್ರೆಂಚ್ ಪರಂಪರೆಗೆ ಸೇರಿದವು. ಇವುಗಳಲ್ಲಿ ಮೊದಲ ಸ್ಥಾನ, ಎರಡನೆಯ ಸ್ಥಾನಗಳಿಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಿದವರೆಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿ ದಾಖಲಾಗುತ್ತದೆ.